ಗುಪ್ತರೋಗ, ಎಚ್‌ಐವಿ ಜೊತೆಗಿನ ಸೋಂಕು: ಯಾವ ಟೆಸ್ಟ್, ಎಲ್ಲಿ, ಆಮೇಲೇನು?

"ಅಲ್ಲೊಂದು ಹುಣ್ಣಾಗಿದೆ, ನೋವಿಲ್ಲ. ಯಾವ ಆಯಿಂಟ್‌ಮೆಂಟ್ ಹಚ್ಚಲಿ?" "ಬಿಳಿ ಸೆರಗು ಜಾಸ್ತಿ ಹೋಗ್ತಿದೆ, ಮನೆಯಲ್ಲಿ ಹೇಳೋಕಾಗ್ತಿಲ್ಲ." "ಎಚ್‌ಐವಿ ಮಾತ್ರೆ ಶುರು ಮಾಡಿದ ಮೇಲೆ ಜ್ವರ ಬರ್ತಿದೆ, ಮಾತ್ರೆ ಬಿಡಲಾ?" ಆರೋಗ್ಯದ ಬಗ್ಗೆ ಬರೆಯುವ ನನಗೆ ತಿರುಗಿ ತಿರುಗಿ ಬರುವ ಪ್ರಶ್ನೆಗಳು ಇವೇ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಇದು ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ. ಆದರೆ ಬರೆಯುವಾಗ ಮನಸ್ಸಿನಲ್ಲಿದ್ದವರು ಎಚ್‌ಐವಿ ಇರುವವರು, ಗರ್ಭಿಣಿಯರು, ಲೈಂಗಿಕ ವೃತ್ತಿಯಲ್ಲಿರುವವರು, ಟ್ರಾನ್ಸ್‌ಜೆಂಡರ್ ಸಮುದಾಯದವರು, ಗಂಡಸರ ಜೊತೆ ಸಂಬಂಧವಿರುವ ಗಂಡಸರು, ದುಡಿಯಲು ಊರು ಬಿಟ್ಟು ಹೋದವರು. ಇವರಿಗೆ ಸೋಂಕಿನ ಅಪಾಯವೂ ಜಾಸ್ತಿ, ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಕೆಯೂ ಜಾಸ್ತಿ.

ಒಂದು ಮಾತು ಮೊದಲೇ ತಲೆಯಲ್ಲಿರಲಿ. ಲಕ್ಷಣ ಹೋಯಿತು ಅಂದರೆ ಸೋಂಕು ಹೋಯಿತು ಅಂತಲ್ಲ. ಸಿಫಿಲಿಸ್ ಅನ್ನುವ ಲೈಂಗಿಕ ರೋಗದ ಹುಣ್ಣು ಏನೂ ಮಾಡದಿದ್ದರೂ ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ರೋಗ ಮಾತ್ರ ರಕ್ತದಲ್ಲೇ ಇರುತ್ತದೆ. ಹಚ್ಚಿದ ಮುಲಾಮಿಗೆ ಸುಮ್ನೆ ಹೆಸರು ಬರುತ್ತದೆ.

ಇನ್ನು ಎರಡು ಪದ. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕನ್ನು ಇಲ್ಲಿ ಲೈಂಗಿಕ ಸೋಂಕು ಅಂತ ಕರೆಯುತ್ತೇನೆ. ಗಟ್ಟಿ ದೇಹದಲ್ಲಿ ತಲೆ ಎತ್ತದೆ, ರೋಗನಿರೋಧಕ ಶಕ್ತಿ ಕುಗ್ಗಿದಾಗ ಮೇಲೇಳುವ ಸೋಂಕು ಅವಕಾಶವಾದಿ ಸೋಂಕು.

ಕಾಯಬಾರದ ಸಂದರ್ಭಗಳು

ಹಂತಗಳನ್ನು ಓದುವ ಮೊದಲು ಇದನ್ನು ನೋಡಿ. ಕೆಳಗಿನ ಯಾವುದೇ ಒಂದಿದ್ದರೂ ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ.

- ಎಚ್‌ಐವಿ ಇರುವವರಿಗೆ ಬಿಡದ ತಲೆನೋವು, ಫಿಟ್ಸ್, ಮಾತು ತೊದಲುವುದು, ದೃಷ್ಟಿ ಮಂಜಾಗುವುದು, ನಾಲ್ಕು ಹೆಜ್ಜೆ ನಡೆದರೆ ಏದುಸಿರು.
- ಮುಟ್ಟು ತಪ್ಪಿದ ಹೆಣ್ಣಿಗೆ ಕಿಬ್ಬೊಟ್ಟೆಯಲ್ಲಿ ಜೋರು ನೋವು. ಗರ್ಭ ನಾಳದಲ್ಲೇ ಕಟ್ಟಿರಬಹುದು.
- ಗಂಡಸರಿಗೆ ವೃಷಣದಲ್ಲಿ ಇದ್ದಕ್ಕಿದ್ದಂತೆ ನೋವು. ಅದು ತಿರುಚಿಕೊಂಡಿದ್ದರೆ ಉಳಿಸಿಕೊಳ್ಳಲು ಕೆಲವೇ ಗಂಟೆ ಇರುತ್ತವೆ.
- ಬಲಾತ್ಕಾರವಾಗಿದ್ದರೆ, ಅಥವಾ ಎಚ್‌ಐವಿ ತಗಲಿರಬಹುದು ಅನ್ನುವ ಸಂಪರ್ಕ ನಡೆದಿದ್ದರೆ. ಎಚ್‌ಐವಿ ತಡೆ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, 28 ದಿನ ತಗೋಬೇಕು. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ನಾಳೆ ಬೆಳಿಗ್ಗೆ ನೋಡೋಣ ಅನ್ನಬೇಡಿ, ರಾತ್ರಿಯಾದರೂ ಕ್ಯಾಶುವಾಲ್ಟಿಗೆ ಹೋಗಿ.

ಹಂತ 1: ಸ್ವಯಂ ಔಷಧಿ ನಿಲ್ಲಿಸಿ

ಮೆಡಿಕಲ್ ಶಾಪ್‌ನಲ್ಲಿ ಸಿಗುವ ಟ್ಯೂಬ್ ಇದೆಯಲ್ಲ, ಸ್ಟೆರಾಯ್ಡ್, ಫಂಗಸ್ ಔಷಧಿ, ಆಂಟಿಬಯೋಟಿಕ್ ಮೂರನ್ನೂ ಕಲಸಿದ್ದು, ಅದನ್ನು ತೊಡೆಸಂದಿಗೆ ಹಚ್ಚಬೇಡಿ. ಎರಡು ದಿನ ತುರಿಕೆ ಕಡಿಮೆಯಾಗುತ್ತದೆ, ಆಮೇಲೆ ಹುಳುಕಡ್ಡಿ ಹೊಟ್ಟೆ, ಬೆನ್ನಿಗೆಲ್ಲ ಹರಡುತ್ತದೆ. ಹುಣ್ಣಿನ ಆಕಾರವೂ ಬದಲಾಗಿ ಡಾಕ್ಟರಿಗೆ ಗುರುತು ಸಿಗುವುದಿಲ್ಲ. ಇನ್ನೊಂದು ಹಳೇ ಅಭ್ಯಾಸ, ಮೂತ್ರದಲ್ಲಿ ಉರಿ ಅಂದ ಕೂಡಲೇ ಸಿಪ್ರೊಫ್ಲಾಕ್ಸಸಿನ್ ನುಂಗುವುದು. ಮೂತ್ರನಾಳದಲ್ಲಿ ಕೀವು ತರುವ ಗೊನೊರಿಯಾ ಕ್ರಿಮಿ ಈ ಔಷಧಿಗೆ ಬಗ್ಗುವುದನ್ನು ಬಿಟ್ಟು ಬಹಳ ವರ್ಷವಾಯಿತು.

ಬಸ್‌ ಸ್ಟ್ಯಾಂಡ್ ಗೋಡೆಯ ಮೇಲೆ ‘ಗುಪ್ತರೋಗಕ್ಕೆ ಖಚಿತ ಪರಿಹಾರ’ ಅಂತ ಪೋಸ್ಟರ್ ಅಂಟಿಸಿ, ಲಾಡ್ಜ್ ರೂಮಿನಲ್ಲಿ ಕೂರುವವರ ಬಗ್ಗೆ ಹೆಚ್ಚೇನು ಹೇಳಲಿ? ಟೆಸ್ಟ್ ಇಲ್ಲದೆ ಔಷಧಿ ಕೊಡುವವರಿಗೆ ನಿಮ್ಮ ದುಡ್ಡು ಕೊಡಬೇಡಿ. ‘ಧಾತು ಹೋಗುತ್ತಿದೆ’ ಅಂತ ಹೆದರಿ ಅಲ್ಲಿಗೆ ಹೋಗುವ ಹುಡುಗರಲ್ಲಿ ಹೆಚ್ಚಿನವರಿಗೆ ಯಾವ ರೋಗವೂ ಇರುವುದಿಲ್ಲ. ಅದೇ ರೀತಿ ಮುಟ್ಟಿನ ನಡುವೆ ತಿಳಿಯಾಗಿ, ವಾಸನೆ, ತುರಿಕೆ ಇಲ್ಲದೆ ಹೋಗುವ ಬಿಳಿ ಸೆರಗೂ ರೋಗವಲ್ಲ. ಬಣ್ಣ ಬದಲಾದರೆ, ನಾರಿದರೆ, ಮೊಸರು ಒಡೆದಂತೆ ಬಂದು ಕೆರೆತವಾದರೆ ಆಗ ತೋರಿಸಬೇಕು.

ಹಂತ 2: ಸರಿಯಾದ ಬಾಗಿಲಿಗೆ ಹೋಗಿ

ಜಿಲ್ಲಾ ಆಸ್ಪತ್ರೆ, ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ‘ಸುರಕ್ಷಾ ಕ್ಲಿನಿಕ್’ ಅಂತ ಇರುತ್ತದೆ. ಸಾಮಾನ್ಯವಾಗಿ ಚರ್ಮ ವಿಭಾಗದ ಜೊತೆಗೋ ಹೆರಿಗೆ ವಿಭಾಗದ ಜೊತೆಗೋ ಇರುತ್ತದೆ. ತಪಾಸಣೆ, ಔಷಧಿ, ಆಪ್ತಸಮಾಲೋಚನೆ ಎಲ್ಲ ಉಚಿತ. ಎಚ್‌ಐವಿ ಟೆಸ್ಟಿಗೆ ಐಸಿಟಿಸಿ, ಎಚ್‌ಐವಿ ಚಿಕಿತ್ಸೆಗೆ ಎಆರ್‌ಟಿ ಕೇಂದ್ರ. ಎಲ್ಲಿದೆ ಅಂತ ಗೊತ್ತಾಗದಿದ್ದರೆ 1097ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ದುಡ್ಡು ಕತ್ತರಿಸುವುದಿಲ್ಲ.

ಓಪಿಡಿ ಚೀಟಿ ಕೌಂಟರ್‌ನಲ್ಲಿ ಹಿಂದೆ ಹತ್ತು ಜನ ನಿಂತಿರುವಾಗ ‘ಏನು ತೊಂದರೆ?’ ಅಂತ ಜೋರಾಗಿ ಕೇಳುತ್ತಾರೆ. ಅಲ್ಲಿ ವಿವರ ಹೇಳಬೇಕಾಗಿಲ್ಲ. ‘ಚರ್ಮದ ಡಾಕ್ಟರ್’ ಅಥವಾ ‘ಸುರಕ್ಷಾ ಕ್ಲಿನಿಕ್’ ಅಂದರೆ ಸಾಕು.

ಕಾನೂನೂ ನಿಮ್ಮ ಕಡೆಗಿದೆ. 2017ರ ಎಚ್‌ಐವಿ/ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಎಚ್‌ಐವಿ ಟೆಸ್ಟ್ ಮಾಡುವಂತಿಲ್ಲ, ಎಚ್‌ಐವಿ ಇದೆ ಅಂತ ಚಿಕಿತ್ಸೆ ನಿರಾಕರಿಸುವಂತಿಲ್ಲ. ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ಸಮುದಾಯ ಸಂಘಟನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ಮೈಸೂರಿನ ಆಶೋದಯ ಸಮಿತಿ ಲೈಂಗಿಕ ವೃತ್ತಿಯಲ್ಲಿರುವವರೇ ಕಟ್ಟಿ ನಡೆಸುತ್ತಿರುವ ಸಂಸ್ಥೆ. ಬೇರೆ ಜಿಲ್ಲೆಗಳಲ್ಲೂ ಇಂಥ ಗುಂಪುಗಳಿವೆ.

18 ವರ್ಷದೊಳಗಿನವರ ವಿಷಯ ಬೇರೆ. ಅವರಿಗೆ ಲೈಂಗಿಕ ಸಂಪರ್ಕ ಆಗಿದೆ ಅಂತ ಗೊತ್ತಾದರೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಪ್ರಕಾರ ಡಾಕ್ಟರ್ ಪೊಲೀಸರಿಗೆ ತಿಳಿಸಲೇಬೇಕು. ಆ ಭಯಕ್ಕೆ ಚಿಕಿತ್ಸೆ ತಪ್ಪಿಸಬೇಡಿ. ಮೊದಲು ಮಗುವಿಗೆ ಔಷಧಿ ಸಿಗಬೇಕು, ಅದಕ್ಕೆ ಯಾವ ಆಸ್ಪತ್ರೆಯೂ ಇಲ್ಲ ಅನ್ನುವಂತಿಲ್ಲ. ಮಕ್ಕಳ ಸಹಾಯವಾಣಿ 1098.

ಹಂತ 3: ಡಾಕ್ಟರ ಮುಂದೆ ಪೂರ್ತಿ ಹೇಳಿ

ಕೊನೆಯ ಸಂಪರ್ಕ ಯಾವಾಗ, ಕಾಂಡೋಮ್ ಇತ್ತಾ, ಮುಟ್ಟು ಯಾವಾಗ ಆಯಿತು, ಪೆನಿಸಿಲಿನ್ ಅಲರ್ಜಿ ಇದೆಯಾ, ಈಗಾಗಲೇ ಏನು ನುಂಗಿದ್ದೀರಿ. ಇಷ್ಟು ಹೇಳಿ. ಬಾಯಿಯ ಮೂಲಕ, ಗುದದ ಮೂಲಕ ಸಂಪರ್ಕ ಆಗಿದ್ದರೆ ಅದನ್ನೂ ಹೇಳಿ, ನಾಚಿಕೆ ಬೇಡ. ಗಂಟಲಲ್ಲಿ, ಗುದದಲ್ಲಿ ಗೊನೊರಿಯಾ, ಅದರಂಥದ್ದೇ ಇನ್ನೊಂದು ಲೈಂಗಿಕ ಸೋಂಕಾದ ಕ್ಲಮೈಡಿಯಾ ಕೂತಿದ್ದರೂ ಎಷ್ಟೋ ಸಲ ಏನೂ ಅನ್ನಿಸುವುದಿಲ್ಲ. ನೀವು ಹೇಳದಿದ್ದರೆ ಡಾಕ್ಟರ್ ಅಲ್ಲಿ ನೋಡುವುದೂ ಇಲ್ಲ.

ಹೋಗುವ ಮೊದಲು ಡೆಟಾಲ್ ಹಾಕಿ ತೊಳೆದುಕೊಳ್ಳಬೇಡಿ. ಇರುವ ಗುರುತೂ ಹೋಗುತ್ತದೆ, ಚರ್ಮವೂ ಸುಡುತ್ತದೆ.

ಹಂತ 4: ಟೆಸ್ಟ್‌ಗಳನ್ನು ಒಟ್ಟಿಗೇ ಮಾಡಿಸಿ, ರಿಪೋರ್ಟ್ ಓದಲು ಕಲಿಯಿರಿ

ಒಂದು ಲೈಂಗಿಕ ಸೋಂಕು ಸಿಕ್ಕರೆ ಉಳಿದವನ್ನೂ ಹುಡುಕಬೇಕು. ಕನಿಷ್ಠ ನಾಲ್ಕು ರಕ್ತ ಪರೀಕ್ಷೆ: ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ. ಸ್ರಾವ ಇದ್ದರೆ ಅದರ ಸ್ಮಿಯರ್, ಅಂದರೆ ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡುವುದು.

ಸಿಫಿಲಿಸ್ ರಿಪೋರ್ಟ್‌ನಲ್ಲೇ ಜನ ಹೆಚ್ಚು ತಡಬಡಾಯಿಸುವುದು. ಅಲ್ಲಿ ಎರಡು ಬಗೆಯ ಟೆಸ್ಟ್ ಇವೆ. ಆರ್‌ಪಿಆರ್ ಅಥವಾ ವಿಡಿಆರ್‌ಎಲ್ ರೋಗ ಎಷ್ಟು ಚುರುಕಾಗಿದೆ ಅಂತ ತೋರಿಸುತ್ತದೆ. ಉತ್ತರ 1:8, 1:32 ಅಂತ ಬರುತ್ತದೆ, ಎರಡನೇ ಅಂಕಿ ದೊಡ್ಡದಾದಷ್ಟೂ ಚುರುಕು ಜಾಸ್ತಿ. ಟಿಪಿಎಚ್‌ಎ ಅನ್ನುವುದು ಸಿಫಿಲಿಸ್ ಯಾವಾಗಲಾದರೂ ಬಂದಿತ್ತಾ ಅಂತ ಹೇಳುವ ಟೆಸ್ಟ್. ರೋಗ ವಾಸಿಯಾದರೂ ಇದು ಸಾಮಾನ್ಯವಾಗಿ ಜೀವನಪರ್ಯಂತ ಪಾಸಿಟಿವ್ ಆಗಿಯೇ ಇರುತ್ತದೆ. ಇದು ಗೊತ್ತಿಲ್ಲದೆ ಮತ್ತೆ ಮತ್ತೆ ಇಂಜೆಕ್ಷನ್ ಹಾಕಿಸಿಕೊಳ್ಳುವವರಿದ್ದಾರೆ. ಗಲ್ಫ್ ಕೆಲಸಕ್ಕೆ ಹೋಗುವವರೇ, ಅದಕ್ಕೆ ಮಾಡುವ ಮೆಡಿಕಲ್ ತಪಾಸಣೆಯಲ್ಲಿ ಸಿಫಿಲಿಸ್ ಟೆಸ್ಟೂ ಇರುತ್ತದೆ. ಚಿಕಿತ್ಸೆ ಆದ ಚೀಟಿ, ಹಳೇ ರಿಪೋರ್ಟ್ ಎಸೆಯಬೇಡಿ. ಇನ್ನು 1:2, 1:4ರಂಥ ಸಣ್ಣ ಅಂಕಿ ಸಿಫಿಲಿಸ್ ಇಲ್ಲದೆಯೂ ಬರಬಹುದು, ಗರ್ಭಿಣಿಯರಲ್ಲೂ ಹೀಗಾಗುತ್ತದೆ. ಟಿಪಿಎಚ್‌ಎ ಜೊತೆ ಇಟ್ಟು ನೋಡಿದರೇ ಅರ್ಥ. ಆದರೆ ಗರ್ಭಿಣಿಯರ ವಿಷಯದಲ್ಲಿ ಅನುಮಾನ ಇದ್ದರೆ ಡಾಕ್ಟರುಗಳು ಕಾಯುವುದಿಲ್ಲ, ಇಂಜೆಕ್ಷನ್ ಕೊಟ್ಟುಬಿಡುತ್ತಾರೆ. ಅದೇ ಸರಿ.

ಎಚ್‌ಐವಿ ಟೆಸ್ಟಿನಲ್ಲಿ ಒಂದು ಕಿಟ್ ಪಾಸಿಟಿವ್ ಬಂದರೆ ಅದೇ ಕೊನೆಯ ಮಾತಲ್ಲ. ಐಸಿಟಿಸಿಯಲ್ಲಿ ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ನೋಡಿ ಖಚಿತ ಮಾಡುತ್ತಾರೆ. ಖಾಸಗಿ ಲ್ಯಾಬಿನ ಒಂದೇ ರಿಪೋರ್ಟ್ ಹಿಡಿದು ಕಂಗಾಲಾಗಬೇಡಿ. ನೆಗೆಟಿವ್ ಬಂದರೂ ಸಂಪರ್ಕವಾಗಿ ಮೂರು ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ಮಾಡಿಸಿ. ಸೋಂಕು ತಗಲಿದ ಶುರುವಿನ ವಾರಗಳಲ್ಲಿ ಟೆಸ್ಟಿಗೆ ಅದು ಸಿಗುವುದಿಲ್ಲ. ಈ ಅವಧಿಗೆ ವಿಂಡೋ ಪೀರಿಯಡ್ ಅನ್ನುತ್ತಾರೆ.

ಹಂತ 5: ಚಿಕಿತ್ಸೆ

ಸುರಕ್ಷಾ ಕ್ಲಿನಿಕ್‌ನಲ್ಲಿ ರಿಪೋರ್ಟಿಗೆ ಕಾಯದೆ, ಲಕ್ಷಣ ನೋಡಿ ಆ ದಿನವೇ ಔಷಧಿ ಕೊಡುವ ಪದ್ಧತಿ ಇದೆ. ಹೋದವರು ವಾಪಸ್ ಬರುತ್ತಾರೆ ಅನ್ನುವ ಗ್ಯಾರಂಟಿ ಇಲ್ಲವಲ್ಲ. ಔಷಧಿಗಳು ಬಣ್ಣದ ಕಿಟ್‌ಗಳಲ್ಲಿ ಬರುತ್ತವೆ. ಬೂದು ಬಣ್ಣದ 1ನೇ ಕಿಟ್ ಮೂತ್ರನಾಳದಲ್ಲಿ ಕೀವು ಬರುವವರಿಗೆ ಮತ್ತು ಗರ್ಭಕೋಶದ ಕೊರಳಿನ ಸೋಂಕಿಗೆ. ಹಸಿರು 2ನೇದು ಯೋನಿಸ್ರಾವಕ್ಕೆ. ಬಿಳಿ 3ನೇದು ಹುಣ್ಣಿಗೆ, ಪೆನಿಸಿಲಿನ್ ಇರುವುದು ಇದರಲ್ಲೇ. ಪೆನಿಸಿಲಿನ್ ಆಗದವರಿಗೆ ನೀಲಿ 4ನೇದು. ಸಣ್ಣ ಗುಳ್ಳೆಗಳ ಗುಂಪಾಗಿ ಎದ್ದು ಉರಿಯುವ ಹರ್ಪಿಸ್‌ಗೆ ಕೆಂಪು 5ನೇದು. ಹೆಂಗಸರ ಕಿಬ್ಬೊಟ್ಟೆ ನೋವಿಗೆ ಹಳದಿ 6ನೇದು. ತೊಡೆಸಂದಿನ ಗಡ್ಡೆಗೆ ಕಪ್ಪು 7ನೇದು.

ಇಲ್ಲಿ ಆಗುವ ತಪ್ಪುಗಳು:

ಒಂದು ಕಿಟ್ ಅನ್ನು ಗಂಡ ಹೆಂಡತಿ ಹಂಚಿಕೊಂಡು ನುಂಗುವುದು. ಇಬ್ಬರಿಗೂ ಅರ್ಧ ಅರ್ಧ ಅಂದರೆ ಇಬ್ಬರಿಗೂ ವಾಸಿಯಾಗುವುದಿಲ್ಲ.

ನೀಲಿ, ಹಳದಿ, ಕಪ್ಪು ಕಿಟ್‌ಗಳಲ್ಲಿ ಡಾಕ್ಸಿಸೈಕ್ಲಿನ್ ಇರುತ್ತದೆ. ಗರ್ಭಿಣಿಯರಿಗೆ ಅದು ಕೂಡದು. ಗರ್ಭ ಇರಬಹುದು ಅಂತ ಅನುಮಾನ ಇದ್ದರೂ ಮೊದಲೇ ಹೇಳಿ. ಉಳಿದವರು ಆ ಮಾತ್ರೆಯನ್ನು ಊಟವಾದ ಮೇಲೆ ದೊಡ್ಡ ಲೋಟ ನೀರಿನ ಜೊತೆ ನುಂಗಿ, ನುಂಗಿದ ತಕ್ಷಣ ಮಲಗಬೇಡಿ.

ಸಿಫಿಲಿಸ್‌ಗೆ ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯುನಿಟ್. ಔಷಧಿ ಗಟ್ಟಿ, ಸೂಜಿ ದಪ್ಪ. ಸಾಮಾನ್ಯವಾಗಿ ಎರಡು ಪಾಲು ಮಾಡಿ ಎರಡೂ ಕುಂಡಿಗೆ ಕೊಡುತ್ತಾರೆ. ನೋವಂತೂ ಇದೆ, ಸುಳ್ಳು ಹೇಳಲ್ಲ. ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ, ಅಲರ್ಜಿ ಆದರೆ ನೋಡಿಕೊಳ್ಳಲು ಜನ ಇರುತ್ತಾರೆ. ರೋಗ ಹೊಸದಾದರೆ ಒಂದು ಸಲ ಸಾಕು. ಎಷ್ಟು ಹಳೆಯದು ಅಂತ ಗೊತ್ತಿಲ್ಲದಿದ್ದರೆ ವಾರಕ್ಕೊಂದರಂತೆ ಮೂರು. ನಡುವೆ ಒಂದು ತಪ್ಪಿಸಿದರೆ ಮೊದಲಿನಿಂದ ಶುರು ಮಾಡಬೇಕಾಗಬಹುದು. ಆ ರಾತ್ರಿ ಚಳಿ ಜ್ವರ, ಮೈಕೈ ನೋವು ಬಂದರೆ ಹೆದರಬೇಡಿ. ಕ್ರಿಮಿಗಳು ಒಟ್ಟಿಗೆ ಸಾಯುವಾಗ ಹಾಗಾಗುತ್ತದೆ, ಒಂದು ದಿನದೊಳಗೆ ಇಳಿಯುತ್ತದೆ.

ಗರ್ಭಿಣಿಗೆ ಸಿಫಿಲಿಸ್ ಇದ್ದರೆ ಪೆನಿಸಿಲಿನ್ ಬಿಟ್ಟು ಬೇರೆ ಔಷಧಿ ಮಗುವನ್ನು ಕಾಪಾಡುತ್ತದೆ ಅನ್ನುವ ಭರವಸೆ ಇಲ್ಲ. ಹೆರಿಗೆಗೆ ಕನಿಷ್ಠ 30 ದಿನ ಮೊದಲಾದರೂ ಇಂಜೆಕ್ಷನ್ ಆಗಿರಬೇಕು. ಅದಕ್ಕೇ ಬಸಿರಿನ ಮೊದಲ ಚೆಕಪ್‌ನಲ್ಲೇ ಎಚ್‌ಐವಿ, ಸಿಫಿಲಿಸ್ ಎರಡೂ ಟೆಸ್ಟ್ ಆಯಿತಾ ಅಂತ ತಾಯಿ ಕಾರ್ಡ್ ತೆಗೆದು ನೋಡಿಕೊಳ್ಳಿ. ಬರೆದಿಲ್ಲದಿದ್ದರೆ ಕೇಳಿ ಮಾಡಿಸಿ.

ಹಂತ 6: ಜೊತೆಗಾರರಿಗೂ ಚಿಕಿತ್ಸೆ

ಇದು ಆಗದಿದ್ದರೆ ಮೇಲಿನದ್ದೆಲ್ಲ ದಂಡ. ಹೆಂಡತಿ ಔಷಧಿ ತಗೊಂಡು, ಗಂಡ ‘ನನಗೇನೂ ಆಗಿಲ್ಲ’ ಅಂತ ಕೂತರೆ ಹದಿನೈದು ದಿನಕ್ಕೆ ಅದೇ ಕಥೆ. ಇಬ್ಬರ ಔಷಧಿಯೂ ಮುಗಿದು ಏಳು ದಿನ ಆಗುವವರೆಗೆ, ಹುಣ್ಣಿದ್ದರೆ ಅದು ಪೂರ್ತಿ ಒಣಗುವವರೆಗೆ ಸಂಪರ್ಕ ಬೇಡ. ಮನೆಯಲ್ಲಿ ಹೇಳಿದರೆ ಹೊಡೆತ ಬೀಳುತ್ತದೆ ಅನ್ನುವ ಪರಿಸ್ಥಿತಿ ಇದ್ದರೆ ನೀವೇ ಹೇಳಲು ಹೋಗಬೇಡಿ, ಆಪ್ತಸಮಾಲೋಚಕರಿಗೆ ತಿಳಿಸಿ. ಜೊತೆಗಾರರನ್ನು ಕರೆಸಲು ಅವರ ಹತ್ತಿರ ದಾರಿ ಇರುತ್ತದೆ. ಅಂದಹಾಗೆ ಕ್ಯಾಂಡಿಡಾ ಫಂಗಸ್‌ನಿಂದ ಆಗುವ ತುರಿಕೆ ಲೈಂಗಿಕ ಸೋಂಕಲ್ಲ, ಸಕ್ಕರೆ ಕಾಯಿಲೆ ಇರುವವರಿಗೆ ತಾನಾಗಿಯೇ ಬರುತ್ತದೆ. ಅದಕ್ಕೆ ಸುಮ್ನೆ ಗಂಡನ ಮೇಲೆ ಅನುಮಾನ ಪಡಬೇಡಿ, ಸಕ್ಕರೆ ಪರೀಕ್ಷೆ ಮಾಡಿಸಿ.

ಹಂತ 7: ಎಚ್‌ಐವಿ ಇದ್ದರೆ ಅವಕಾಶವಾದಿ ಸೋಂಕು ಹುಡುಕಿ

ಎಚ್‌ಐವಿ ಖಚಿತವಾದ ಮೇಲೆ ಮೊದಲು ಸಿಡಿ4 ನೋಡುತ್ತಾರೆ. ಇದು ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಲೆಕ್ಕ. 500ರ ಮೇಲಿದ್ದರೆ ನಿರಾಳ. 200ಕ್ಕಿಂತ ಕೆಳಗೆ ಇಳಿದರೆ ‘ಮುಂದುವರಿದ ಎಚ್‌ಐವಿ’ ಅಂತ ಲೆಕ್ಕ, ಆಗ ಹುಡುಕಾಟ ಬಿಗಿಯಾಗಬೇಕು. ಸಿಡಿ4 ಎಷ್ಟೇ ಇದ್ದರೂ ಎಚ್‌ಐವಿ ಮಾತ್ರೆ ಶುರು ಮಾಡಬೇಕು ಅನ್ನುವುದು 2017ರಿಂದ ದೇಶದ ನೀತಿ. ಆದರೂ ಸಿಡಿ4 ಟೆಸ್ಟ್ ಬೇಡ ಅನ್ನಬೇಡಿ, ಅಪಾಯ ಎಲ್ಲಿದೆ ಅಂತ ಹೇಳುವುದು ಅದೇ.

ಟಿಬಿ. ಸಿಡಿ4 ಎಷ್ಟಿದ್ದರೂ ಬರುತ್ತದೆ, ನಮ್ಮ ದೇಶದಲ್ಲಿ ಎಚ್‌ಐವಿ ಇರುವವರ ಜೀವ ಹೆಚ್ಚು ತೆಗೆಯುವುದೂ ಇದೇ. ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು, ಈ ನಾಲ್ಕರಲ್ಲಿ ಒಂದಿದ್ದರೂ ಕಫ ಕೊಡಿ. ಎರಡು ವಾರ ಕೆಮ್ಮಿದ ಮೇಲೆ ಅನ್ನುವ ಲೆಕ್ಕ ಎಚ್‌ಐವಿ ಇರುವವರಿಗಲ್ಲ. ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಟೆಸ್ಟ್ ಕೇಳಿ, ಕ್ರಿಮಿಯ ಜೀನ್ ಹುಡುಕುವ ಯಂತ್ರ ಅದು. ಎಕ್ಸ್‌ರೇ ಚೆನ್ನಾಗಿದೆ ಅಂತ ನೆಮ್ಮದಿಯಾಗಬೇಡಿ, ಸಿಡಿ4 ಕಡಿಮೆ ಇದ್ದಾಗ ಟಿಬಿ ಇದ್ದರೂ ಎಕ್ಸ್‌ರೇ ನಾರ್ಮಲ್ ಕಾಣಬಹುದು. ಟಿಬಿ ಸಿಕ್ಕರೆ ಮೊದಲು ಅದರ ಔಷಧಿ, ಆಮೇಲೆ ಬೇಗನೆ ಎಚ್‌ಐವಿ ಮಾತ್ರೆ. ಟಿಬಿ ಇಲ್ಲ ಅಂತ ಖಚಿತವಾದರೆ ತಡೆ ಮಾತ್ರೆ ಕೊಡುತ್ತಾರೆ. ಕಾಯಿಲೆ ಇಲ್ಲದೆ ಮಾತ್ರೆ ಯಾಕೆ ಅಂತ ಬಿಡಬೇಡಿ.

ಬಾಯಿ, ಗಂಟಲು. ನಾಲಿಗೆ, ಅಂಗುಳದ ಮೇಲೆ ಬಿಳಿ ಪೊರೆ, ಒರೆಸಿದರೆ ಎದ್ದು ಬಂದು ಕೆಳಗೆ ಕೆಂಪು ಕಾಣುತ್ತದೆ. ಇದು ಕ್ಯಾಂಡಿಡಾ. ನುಂಗುವಾಗ ಎದೆಯಲ್ಲಿ ನೋವಾದರೆ ಅನ್ನನಾಳಕ್ಕೆ ಇಳಿದಿದೆ ಅಂತ. ಆಗ ಬಾಯಿಗೆ ಹಚ್ಚುವ ಔಷಧಿ ಸಾಲದು, ಫ್ಲುಕೊನಜೋಲ್ ಮಾತ್ರೆ ಎರಡು ಮೂರು ವಾರ ಬೇಕು.

ಉಸಿರು. ಒಣ ಕೆಮ್ಮು, ಜ್ವರ, ಮೆಟ್ಟಿಲು ಹತ್ತಿದರೆ ದಿನದಿಂದ ದಿನಕ್ಕೆ ಹೆಚ್ಚುವ ಏದುಸಿರು, ಸಿಡಿ4 200ಕ್ಕಿಂತ ಕಡಿಮೆ. ಇದು ನ್ಯುಮೊಸಿಸ್ಟಿಸ್ ಅನ್ನುವ ಫಂಗಸ್ ನ್ಯುಮೋನಿಯಾ ಇರಬಹುದು. ಚಿಕಿತ್ಸೆ 21 ದಿನ, ಆಸ್ಪತ್ರೆಯಲ್ಲೇ ಶುರುವಾಗಬೇಕು. ಇದನ್ನು ತಡೆಯಲೆಂದೇ ಎಆರ್‌ಟಿ ಕೇಂದ್ರದಲ್ಲಿ ದಿನಕ್ಕೊಂದು ಕೋಟ್ರೈಮಾಕ್ಸಜೋಲ್ ಮಾತ್ರೆ ಕೊಡುವುದು. ಅಗ್ಗದ ಬಿಳಿ ಮಾತ್ರೆ ಅಂತ ಜನ ಅಸಡ್ಡೆ ಮಾಡುತ್ತಾರೆ. ನನ್ನ ಲೆಕ್ಕದಲ್ಲಿ ಅಷ್ಟು ಕಡಿಮೆ ದುಡ್ಡಿಗೆ ಅಷ್ಟು ಜೀವ ಉಳಿಸುವ ಮಾತ್ರೆ ಬೇರೆ ಇಲ್ಲ. ಮೈಮೇಲೆ ದದ್ದು ಬಂದರೆ ಮಾತ್ರ ತಕ್ಷಣ ತೋರಿಸಿ, ಇದು ಸಲ್ಫಾ ಔಷಧಿ, ಕೆಲವರಿಗೆ ಅಲರ್ಜಿ ಆಗುತ್ತದೆ.

ತಲೆ. ಸಿಡಿ4 100ಕ್ಕಿಂತ ಕಡಿಮೆ ಇದ್ದರೆ ಕ್ರಿಪ್ಟೊಕಾಕಲ್ ಆಂಟಿಜೆನ್ ಅನ್ನುವ ರಕ್ತ ಪರೀಕ್ಷೆ ಕೇಳಿ ಮಾಡಿಸಿ. ಇದು ಮಿದುಳಿನ ಪೊರೆಗೆ ಹತ್ತುವ ಫಂಗಸ್. ಕುತ್ತಿಗೆ ಬಿಗಿಯಾಗುವುದು ಇತ್ಯಾದಿ ಇಲ್ಲದೆ ಬರೀ ತಲೆನೋವಾಗಿಯೇ ವಾರಗಟ್ಟಲೆ ಇರಬಹುದು. ಬೆನ್ನಿನ ನೀರು ತೆಗೆಯಬೇಕು ಅಂದರೆ ಒಪ್ಪಿಕೊಳ್ಳಿ. ಅದರಿಂದ ಕಾಲು ಬಿದ್ದುಹೋಗುತ್ತದೆ ಅನ್ನುವುದು ಊರ ಮಾತು. ಮಿದುಳಿನ ಒತ್ತಡ ಇಳಿಸಲು ಅದೇ ಚಿಕಿತ್ಸೆ ಕೂಡ. ಈ ಕಾಯಿಲೆಯಲ್ಲಿ ಎಚ್‌ಐವಿ ಮಾತ್ರೆಯನ್ನು ಬೇಕಂತಲೇ 4ರಿಂದ 6 ವಾರ ತಡ ಮಾಡುತ್ತಾರೆ. ‘ಯಾಕೆ ಇನ್ನೂ ಕೊಟ್ಟಿಲ್ಲ’ ಅಂತ ಜಗಳ ಮಾಡಿ ಬೇರೆ ಕಡೆ ಹೋಗಿ ಶುರು ಮಾಡಬೇಡಿ, ಜೀವಕ್ಕೆ ಕುತ್ತು. ಒಂದು ಕಡೆ ಕೈಕಾಲು ಸೋತು ಫಿಟ್ಸ್ ಬಂದರೆ ಮಿದುಳಿಗೆ ಹತ್ತುವ ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಕ್ರಿಮಿ ಇರಬಹುದು, ಅದಕ್ಕೆ ಸ್ಕ್ಯಾನ್ ಬೇಕು.

ಕಣ್ಣು. ಸಿಡಿ4 50ಕ್ಕಿಂತ ಕಡಿಮೆ ಇದ್ದು ಕಣ್ಣೆದುರು ಕಪ್ಪು ಚುಕ್ಕೆ ತೇಲಿದರೆ ಅದೇ ವಾರ ಕಣ್ಣಿನ ಡಾಕ್ಟರಿಗೆ ತೋರಿಸಿ. ಸಿಫಿಲಿಸ್ ಕೂಡ ಕಣ್ಣಿಗೆ, ಕಿವಿಗೆ ಹೋಗುತ್ತದೆ.

ಚರ್ಮ. ಸರ್ಪಸುತ್ತು ಎದ್ದರೆ ಕೆಮ್ಮಣ್ಣು ಹಚ್ಚಿ, ಮಂತ್ರ ಹಾಕಿಸಿ ಕಾಯುವುದು ಬೇಡ. ಗುಳ್ಳೆ ಎದ್ದ 72 ಗಂಟೆಯೊಳಗೆ ಅಸೈಕ್ಲೊವಿರ್ ಶುರುವಾದರೆ ಒಳ್ಳೆಯದು. ಚಿಕ್ಕ ವಯಸ್ಸಿನವರಿಗೆ ಸರ್ಪಸುತ್ತು ಬಂದರೆ ಎಚ್‌ಐವಿ ಟೆಸ್ಟ್ ಮಾಡಿಸುವುದು ವಾಡಿಕೆ. ಜನನಾಂಗದ ಹರ್ಪಿಸ್ ಹುಣ್ಣು ಒಂದು ತಿಂಗಳಾದರೂ ಆರದಿದ್ದರೆ ರೋಗನಿರೋಧಕ ಶಕ್ತಿ ತುಂಬಾ ಕುಸಿದಿದೆ ಅಂತ ಅರ್ಥ.

ಈಗ ಆ ಜ್ವರದ ಪ್ರಶ್ನೆಗೆ. ಎಚ್‌ಐವಿ ಮಾತ್ರೆ ಶುರು ಮಾಡಿದ ಮೊದಲ ಮೂರು ತಿಂಗಳಲ್ಲಿ ಜ್ವರ, ಗಡ್ಡೆ, ತಲೆನೋವು ಹೊಸದಾಗಿ ಕಾಣಿಸಿಕೊಳ್ಳಬಹುದು. ಚೇತರಿಸಿಕೊಂಡ ರೋಗನಿರೋಧಕ ಶಕ್ತಿ, ಅಡಗಿದ್ದ ಸೋಂಕಿನ ಮೇಲೆ ಒಮ್ಮೆಲೇ ತಿರುಗಿ ಬೀಳುವುದರಿಂದ ಹೀಗಾಗುತ್ತದೆ. ಇದಕ್ಕೆ ಐರಿಸ್ ಅನ್ನುತ್ತಾರೆ. ಮಾತ್ರೆ ನೀವಾಗಿ ಬಿಡಬೇಡಿ, ಅದೇ ದಿನ ಎಆರ್‌ಟಿ ಕೇಂದ್ರಕ್ಕೆ ಹೋಗಿ. ಜೊತೆಗೆ ಹೆಪಟೈಟಿಸ್ ಬಿ ಇದ್ದರಂತೂ ಬಿಡಲೇಬೇಡಿ. ಮೂರು ಎಚ್‌ಐವಿ ಔಷಧಿ ಸೇರಿದ ಟಿಎಲ್‌ಡಿ ಮಾತ್ರೆಯಲ್ಲಿರುವ ಎರಡು ಔಷಧಿ ಅದನ್ನೂ ಹಿಡಿದಿಟ್ಟಿರುತ್ತವೆ, ಬಿಟ್ಟರೆ ಲಿವರ್ ಕೆರಳುತ್ತದೆ.

ಟಿಎಲ್‌ಡಿ ಬಗ್ಗೆ ಇನ್ನೆರಡು ಎಚ್ಚರಿಕೆ. ಕಬ್ಬಿಣ, ಕ್ಯಾಲ್ಸಿಯಂ, ಗ್ಯಾಸ್ಟ್ರಿಕ್ ಸಿರಪ್ ಜೊತೆ ನುಂಗಿದರೆ ಅದರಲ್ಲಿನ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಅವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ಆದ ಮೇಲೆ ತಗೊಳ್ಳಿ. ಬಸುರಿಯರಿಗೆ ಕಬ್ಬಿಣದ ಮಾತ್ರೆ ಕೊಟ್ಟಿರುತ್ತಾರೆ ಅಲ್ವಾ, ಅವರು ಇದನ್ನು ಚೀಟಿಯಲ್ಲೇ ಬರೆಸಿಕೊಳ್ಳಲಿ. ಟಿಬಿಗೆ ರಿಫಾಂಪಿಸಿನ್ ನಡೆಯುತ್ತಿದ್ದರೆ 12 ಗಂಟೆ ಬಿಟ್ಟು ಇನ್ನೊಂದು ಡೊಲುಟೆಗ್ರಾವಿರ್ ಮಾತ್ರೆ ಬೇಕು. ಎರಡು ಕಡೆ ಎರಡು ಡಾಕ್ಟರ್ ನೋಡುತ್ತಿದ್ದರೆ ಇದು ತಪ್ಪಿಹೋಗುತ್ತದೆ, ನೀವೇ ಕೇಳಿ.

ಹಂತ 8: ವಾಪಸ್ ತೋರಿಸಲು ಹೋಗುವ ದಿನಗಳು

ಸ್ರಾವ, ಹುಣ್ಣು ಇದ್ದವರು ಏಳು ದಿನಕ್ಕೆ ಮತ್ತೆ ತೋರಿಸಿ. ಸಿಫಿಲಿಸ್ ಆದವರು 3, 6, 12ನೇ ತಿಂಗಳು ಆರ್‌ಪಿಆರ್ ಮಾಡಿಸಿ, ಎಚ್‌ಐವಿ ಜೊತೆಗಿದ್ದರೆ 24ನೇ ತಿಂಗಳವರೆಗೂ. ಅಂಕಿ ನಾಲ್ಕು ಪಟ್ಟು ಇಳಿಯಬೇಕು, ಅಂದರೆ 1:32 ಇದ್ದದ್ದು 1:8ಕ್ಕೆ. ಪ್ರತಿ ಸಲ ಅದೇ ಲ್ಯಾಬಿನಲ್ಲಿ, ಅದೇ ಟೆಸ್ಟ್ ಮಾಡಿಸಿ. ಒಮ್ಮೆ ಆರ್‌ಪಿಆರ್, ಇನ್ನೊಮ್ಮೆ ವಿಡಿಆರ್‌ಎಲ್ ಮಾಡಿಸಿದರೆ ಹೋಲಿಸಲು ಬರುವುದಿಲ್ಲ.

ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಅಪಾಯ ಸುಮಾರು ಆರು ಪಟ್ಟು ಜಾಸ್ತಿ. 25 ವರ್ಷದಿಂದಲೇ ತಪಾಸಣೆ ಶುರು ಮಾಡಿ, 3ರಿಂದ 5 ವರ್ಷಕ್ಕೊಮ್ಮೆ ಮಾಡಿಸುತ್ತಿರಿ. ಎಆರ್‌ಟಿ ಕೇಂದ್ರದಲ್ಲಿ ಯಾರೂ ಹೇಳದಿದ್ದರೆ ನೀವೇ ಬಾಯಿ ಬಿಟ್ಟು ಕೇಳಬೇಕು.

ಗೋವಾ, ಪುಣೆ, ಮುಂಬೈಗೆ ದುಡಿಯಲು ಹೋಗುವವರು ಹೊರಡುವ ಮೊದಲೇ ಎಆರ್‌ಟಿ ಕೇಂದ್ರದಲ್ಲಿ ಹೇಳಿ, ವರ್ಗಾವಣೆ ಪತ್ರ ಬರೆಸಿಕೊಳ್ಳಿ. ಕಾರ್ಡ್, ಸಿಡಿ4 ಮತ್ತು ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಲೆಕ್ಕ) ರಿಪೋರ್ಟ್, ಪೆನಿಸಿಲಿನ್ ಇಂಜೆಕ್ಷನ್ ಆದ ದಿನಾಂಕ, ಎಲ್ಲದರ ಫೋಟೋ ಮೊಬೈಲಿನಲ್ಲಿರಲಿ, ಲಾಕ್ ಹಾಕಿರಲಿ. ಅಲ್ಲಿನ ಕೇಂದ್ರದಲ್ಲೂ ಅದೇ ಮಾತ್ರೆ ಪುಕ್ಕಟೆ ಸಿಗುತ್ತದೆ. ವಿಳಾಸ ಗೊತ್ತಿಲ್ಲದಿದ್ದರೆ ಅದೇ 1097.